ಡಿಸ್ಟ್ರಿಬ್ಯೂಟರಿಗೆ ಹಚ್ಚಿದ ಕುಂಕುಮ

ಪೆಟ್ರೋಲಿಗೆ ಕೂಪನ್ನು, ಸಕ್ಕರೆಗೆ ಕಾರ್ಡು, ಸೀಮೆಎಣ್ಣೆಗೆ ಸರದಿ. ಲಡಾಯಿಯ ಆ ದಿನಗಳಲ್ಲಿ ಪುಣೆಯ ರಸ್ತೆಯ ಮೇಲೆ ಒಂದು ಮೋಟಾರು ಕೆಮ್ಮಿ ನಿಂತಿತೆಂದರೆ ಅರ್ಧ ಪೇಟೆ ಅದರ ಸುತ್ತ ಸೇರುತ್ತಿತ್ತು. ಪೆಟ್ರೋಲು ಮುಗಿದಿದೆ ಎನ್ನುವವನೊಬ್ಬ, ಹಿಂದಿನಿಂದ ನೂಕಿ ಎನ್ನುವವನೊಬ್ಬ, ಏನೂ ತೋಚದೆ ಸುಮ್ಮನೆ ಹಾರ್ನು ಒತ್ತಿ ನೋಡುವವನೊಬ್ಬ. ನನ್ನ ಅಪ್ಪ ಮಾತ್ರ ಗುಂಪಿನ ಹಿಂದೆ ನಿಂತು, ತಲೆಯನ್ನು ಒಂದು ಮಗ್ಗುಲಿಗೆ ಓರೆ ಮಾಡಿ, "ನಿಂದರೂಕಿಂತ ಮೊದಲು ಹೆಂಗ ಕೆಮ್ಮಿತ್ರಿ ಅದು?" ಎಂದು ಕೇಳುತ್ತಿದ್ದ.

ಈಗ ನನಗೆ ನಲವತ್ತೇಳು. ಪುಣೆಯ ಹೊರಗಿನ ನಿಗಡಿಯ ಮನೆಯಲ್ಲಿ ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡಿ, ನಾಲ್ಕನೆಯ ಸಲ ಗಂಡನನ್ನು ಎಬ್ಬಿಸಿ ಕಳಿಸುವವಳು ನಾನು. ಮಕ್ಕಳು ಸ್ಕೂಟರು ಹತ್ತಿ ಹೋದರೆ ಅವರು ತಿರುಗಿ ಬರುವವರೆಗೆ ಅಡುಗೆಗೆ ಉಪ್ಪು ಎರಡು ಸಲ ಬೀಳುತ್ತದೆ. ಇಂಥ ಹೆದರುಪುಕ್ಕಲಿ ತನ್ನ ಹತ್ತನೆಯ ವಯಸ್ಸಿನಲ್ಲಿ, ಹಾಡುಹಗಲು, ಮೂರು ಜನರ ಎದುರು ಸೇಡು ತೀರಿಸಿಕೊಂಡಿದ್ದಳು ಎಂದರೆ ಯಾರೂ ನಂಬುವುದಿಲ್ಲ. ತೀರಿಸಿಕೊಂಡಿದ್ದೆ. ಅದು ಯಾರ ಮೇಲೆ ತೀರಿತು ಎನ್ನುವುದು ಬೇರೆ ಮಾತು.

ಧಾರವಾಡದಿಂದ ಬಂದ ನಾವು ಶನಿವಾರ ಪೇಟೆಯ ಒಂದು ವಾಡೆಯಲ್ಲಿ ಎರಡು ಖೋಲಿ ಹಿಡಿದಿದ್ದೆವು. ಅಪ್ಪ ನೀರಾವರಿ ಕಚೇರಿಯಲ್ಲಿ ನಕಾಶೆ ಬರೆಯುವ ನೌಕರ. ವಾರದ ಆರು ದಿನ ಅವನ ಬೆರಳಿಗೆ ಶಾಯಿ. ಏಳನೆಯ ದಿನ ಮಸಿ ಮತ್ತು ಗ್ರೀಸು. ರವಿವಾರ ಬೆಳಿಗ್ಗೆ ಹಳೆಯ ಅಂಗಿ ತೊಟ್ಟು, ನನ್ನ ಕೈ ಹಿಡಿದುಕೊಂಡು, ಹೊಳೆಯ ಮೇಲಿನ ಲಕಡೀಪೂಲು ದಾಟಿ ಡೆಕ್ಕನ್ ಜಿಮಖಾನಾದಲ್ಲಿದ್ದ ವಕೀಲ ಕಾಕಾನ ಬಂಗಲೆಗೆ ಹೋಗುತ್ತಿದ್ದ. ವಕೀಲ ಕಾಕಾ ಅಪ್ಪನ ದೊಡ್ಡಪ್ಪನ ಮಗ. ಊರಿನಲ್ಲಿ ಇಬ್ಬರೂ ಒಂದೇ ಅಂಗಳದಲ್ಲಿ ಆಡಿ ಬೆಳೆದವರು. ಒಬ್ಬನಿಗೆ ಬಂಗಲೆ ಮತ್ತು ಮೋಟಾರು ದಕ್ಕಿತ್ತು. ಇನ್ನೊಬ್ಬನಿಗೆ ಆ ಮೋಟಾರಿನ ಬಾನೆಟ್ಟು ಎತ್ತುವ ರವಿವಾರ ದಕ್ಕಿತ್ತು. ಲೋಕದ ಕಣ್ಣಿಗೆ ಇದರಲ್ಲಿ ಹೆಚ್ಚು ಸುಖಿ ಯಾರೋ ನನಗೆ ಗೊತ್ತಿಲ್ಲ. ನನ್ನ ಕಣ್ಣಿಗೆ ಅಪ್ಪನೇ.

ಗಾಡಿ ನನಗಿಂತ ಮೂರು ವರ್ಷ ದೊಡ್ಡದು. ವಿಲಾಯತಿಗೆ ಹೊರಟ ಯಾವನೋ ಸಾಹೇಬ ಕೊಟ್ಟುಹೋದದ್ದು. ಕರೀ ಮೈ, ಮಡಿಸುವ ಕ್ಯಾನ್ವಾಸು ಚಾವಣಿ, ನಾಲ್ಕು ಸಿಲಿಂಡರು. ಅದರ ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಮಗ್ಗುಲಿಗೆ, ಮುಷ್ಟಿಯಷ್ಟು ದೊಡ್ಡ ಕರೀ ಬೇಕ್‌ಲೈಟ್ ಪ್ಲಾಸ್ಟಿಕ್ಕಿನ ಮುಚ್ಚಳವೊಂದಿತ್ತು. ನೆತ್ತಿಯಿಂದ ಐದು ದಪ್ಪ ತಂತಿಗಳು ಹೊರಟಿದ್ದವು. ಅದೇ ಡಿಸ್ಟ್ರಿಬ್ಯೂಟರು. ನಡುವಿನ ತಂತಿಯಲ್ಲಿ ಕಿಡಿ ಬರುತ್ತದೆ, ಒಳಗೆ ಗರಗರ ತಿರುಗುವ ರೋಟರು ಅದನ್ನು ಸುತ್ತಲಿನ ನಾಲ್ಕು ಹಿತ್ತಾಳೆಯ ಮೊಳೆಗಳಿಗೆ, ಅವುಗಳಿಂದ ನಾಲ್ಕು ಸಿಲಿಂಡರಿಗೆ, ಸರದಿಯಂತೆ ಹಂಚುತ್ತದೆ.

"ಪಂಕ್ತಿಯೊಳಗ ಬಡಸೋವ್ರು ಇದ್ದಂಗ, ಇಂದೀ," ಎಂದು ಅಪ್ಪ ತಿಳಿಸಿದ್ದ. "ಸರದಿ ತಪ್ಪಬಾರದು. ಒಬ್ಬರ ಎಲಿಗೆ ಹಾಕೂದು ಬಾಜೂದವ್ರ ಎಲಿಗೆ ಚೆಲ್ಲಬಾರದು. ಇಷ್ಟಽ ಅದರ ಧರ್ಮ."

ಆ ಗಾಡಿಯ ಸರದಿ ಒಂದು, ಎರಡು, ನಾಲ್ಕು, ಮೂರು. ವಾಡೆಯ ಫರಸಿಯ ಮೇಲೆ ಇದ್ದಿಲಿನಿಂದ ಮನೆ ಗೀಚಿ ಕುಂಟಾಟ ಆಡುವಾಗ ನಾನು ಅದೇ ಸರದಿಯಲ್ಲಿ ಕುಂಟುತ್ತಿದ್ದೆ. ಉಳಿದ ಹುಡುಗಿಯರು ನನ್ನನ್ನು ಆಟದಿಂದ ಹೊರಗಿಟ್ಟರು. ಇರಲಿ, ಅವರ ಹೆಸರುಗಳೂ ನನಗೆ ಇನ್ನೂ ನೆನಪಿವೆ.

ಅಪ್ಪ ಗಾಡಿಯ ರೋಗವನ್ನು ಕಿವಿಯಿಂದಲೇ ಹೇಳುತ್ತಿದ್ದ. ಒಂದು ಕಾಲು ಕುಂಟಿದಂತೆ ಓಡಿದರೆ ಒಂದೇ ತಂತಿಯ ತಪ್ಪು; ಒಂದೊಂದಾಗಿ ಕಿತ್ತು ನೋಡು, ಯಾವುದನ್ನು ಕಿತ್ತರೂ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ. ನಾಲ್ಕೂ ಒಮ್ಮೆಗೇ ಸತ್ತರೆ ನಡುವಿನ ತಂತಿ, ಇಲ್ಲವೇ ಪಾಯಿಂಟು. ಪಾಯಿಂಟು ಎಂದರೆ ರೋಟರಿನ ಕೆಳಗೆ ಕೂಡುತ್ತ ಬಿಡುತ್ತ ಇರುವ ಎರಡು ಸಣ್ಣ ಗುಂಡಿಗಳು. ಅವು ಸುಟ್ಟು ಕರಕಾಗಿದ್ದರೆ ಪಾಲಿಶ್ ಕಾಗದದಿಂದ ತಿಕ್ಕಿ, ನಡುವಿನ ಸಂದಿಗೆ ಪೋಸ್ಟ್‌ಕಾರ್ಡಿನ ಅಂಚು ತೂರಿಸಿ ಅಳತೆ ಹಿಡಿಯುತ್ತಿದ್ದ. ಧಾರವಾಡದಿಂದ ಅಜ್ಜಿ ಬರೆದ ಕಾರ್ಡುಗಳ ಅಂಚುಗಳೆಲ್ಲ ಹಾಗೆ ಎಣ್ಣೆ ಕುಡಿದಿದ್ದವು. ಇನ್ನು ಸಪಾಟು ರಸ್ತೆಯಲ್ಲಿ ಚಂದ ಓಡಿ, ಏರು ಬಂದಾಗ ದಮ್ಮು ಕಟ್ಟಿದರೆ? "ಆವಾಗ ಮುಚ್ಚಳದೊಳಗ ಹಸಿ ಅದ, ಇಲ್ಲಾಂದ್ರ ಸೀಳ್ಯದ. ಭಾರ ಬಿದ್ದಾಗ ಕಿಡಿ ತನ್ನ ದಾರಿ ಬಿಟ್ಟು ಸಲೀಸು ದಾರಿ ಹಿಡೀತದ."

ಇದನ್ನು ಕಣ್ಣಿಂದ ನೋಡಲು ಕತ್ತಲೆ ಬೇಕು. ಹಾಡುಹಗಲು ಕತ್ತಲೆ ಎಲ್ಲಿಂದ ತರುವುದು? ಅಪ್ಪ ನಮ್ಮ ಮನೆಯ ಕರೀ ಕಂಬಳಿಯನ್ನು ಬಾನೆಟ್ಟಿನ ಮೇಲೂ ತನ್ನ ತಲೆಯ ಮೇಲೂ ಹೊದ್ದು, ಫ್ಯಾನಿಗೆ ಸಿಗದಂತೆ ಅದರ ಅಂಚನ್ನು ನನ್ನ ಕೈಗೆ ಕೊಟ್ಟು ಹಿಡಿಸುತ್ತಿದ್ದ. ಒಳಗೆ ಕುರಿಯ ಉಣ್ಣೆ, ಪೆಟ್ರೋಲು, ಬಿಸಿ ರಬ್ಬರು ಮತ್ತು ಅಪ್ಪನ ಬೆವರಿನ ವಾಸನೆ. ಎಂಜಿನ್ನು ನಡುಗುತ್ತಿರುತ್ತಿತ್ತು. ನಾವಿಬ್ಬರೂ ಉಸಿರು ಹಿಡಿದು ಆ ಮುಚ್ಚಳವನ್ನೇ ನೋಡುತ್ತಿದ್ದೆವು. ಎಲ್ಲಾದರೂ ನೀಲಿ ಕಿಡಿ ಇಣುಕಿದರೆ ಅಲ್ಲೇ ರೋಗ. ಕಿಡಿ ಕಾಣದಿದ್ದರೆ ಅಪ್ಪನಿಗೆ ಸಂತೋಷ. ಕಂಡರೆ ನನಗೆ.

ಮಳೆಗಾಲದಲ್ಲೊಮ್ಮೆ ಅಪ್ಪ ಆ ಮುಚ್ಚಳವನ್ನು ಮನೆಗೇ ತಂದು ಶಿಗಡಿಯ ಪಕ್ಕ ಒಣಗಲು ಇಟ್ಟಿದ್ದ. ಅವ್ವ ಹಪ್ಪಳ ಸುಡುತ್ತ ಅದನ್ನು ನೋಡಿ, "ಅಯ್ಯ, ಕುಂಕುಮದ ಭರಣೀ ಮುಚ್ಚಳ ಇದ್ದಂಗ ಅದಲ್ರಿ!" ಎಂದಳು. ಅಪ್ಪ ಗಾಬರಿಯಾಗಿ ಅದನ್ನೆತ್ತಿ ಎದೆಗೆ ಅವಚಿಕೊಂಡ. "ಕೈ ಮುಗೀತೀನಿ, ಇದರ ಹತ್ರ ಕುಂಕುಮ ತರಬ್ಯಾಡ. ಹಸೀ ಕುಂಕುಮ ಒಂದು ಬಟ್ಟು ಬಿದ್ರ ಸಾಕು, ಕಿಡಿಗೆ ಅದಽ ಹೊಸಾ ರಸ್ತಾ."

ಆ ಮಾತನ್ನು ನಾನು ಮರೆಯಲಿಲ್ಲ. ನಾನು ಏನನ್ನೂ ಮರೆಯುವುದಿಲ್ಲ, ಅದೇ ನನ್ನ ರೋಗ.

ಈಗ ಕಾಕೂನ ವಿಷಯ. ವಕೀಲ ಕಾಕಾನ ಹೆಂಡತಿ ಕೆಟ್ಟವಳಾಗಿರಲಿಲ್ಲ ಎಂದು ನನ್ನ ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಅವ್ವನಿಗೆ ಯಾರೂ ಕೆಟ್ಟವರಾಗಿರಲಿಲ್ಲ. ಆ ಮನೆಯಲ್ಲಿ ಅಪ್ಪ ಮತ್ತು ನಾನು ಉಣ್ಣುತ್ತಿದ್ದದ್ದು ಹಿತ್ತಲ ಕಟ್ಟೆಯ ಮೇಲೆ, ಪತ್ರಾವಳಿಯಲ್ಲಿ, ಎಲ್ಲರದೂ ಆದ ಮೇಲೆ. "ಗುಂಡೂರಾವ್, ನಿಮ್ಮ ಕೈಗೆ ಪೆಟ್ರೋಲ್ ವಾಸನಿ ಬರ್ತದ, ಒಳಗ ಬ್ಯಾಡ್ರಿ," ಎನ್ನುತ್ತಿದ್ದಳು. ಬೆಳಿಗ್ಗೆ ಮಾಡಿದ ಉಪ್ಪಿಟ್ಟು ಅಷ್ಟೊತ್ತಿಗೆ ತಣ್ಣಗಾಗಿ, ಮೇಲೆ ಕೆನೆಗಟ್ಟಿದಂತೆ ಆಗಿರುತ್ತಿತ್ತು. ಸೌಟಿನಿಂದ ಎತ್ತಿ ಹಾಕಿದರೆ ಪತ್ರಾವಳಿಯ ಮೇಲೆ ಇಟ್ಟಿಗೆಯ ಹಾಗೆ ಕೂಡುತ್ತಿತ್ತು. ಅಪ್ಪ ಅದನ್ನು ರುಚಿ ನೋಡಿ ನೋಡಿ ತಿನ್ನುತ್ತಿದ್ದ. ನಾನು ಒಂದೊಂದು ತುತ್ತನ್ನೂ ನೆನಪಿಟ್ಟುಕೊಳ್ಳುತ್ತಿದ್ದೆ.

ಆ ವರ್ಷ ದೀಪಾವಳಿಯಲ್ಲಿ ಕಾಕಾ, "ಗುಂಡೂ, ಚಂಪಾಷಷ್ಠಿಗೆ ಜೇಜುರಿಗೆ ಹೋಗೂಣು. ನಮ್ಮ ಮನಿದೇವ್ರು ಖಂಡೋಬಾ, ನೋಡಿ ಭಾಳ ವರ್ಷ ಆತು. ಕೂಪನ್ ಕೂಡಿಸಿ ಇಡ್ತೀನಿ. ನೀನಽ ಗಾಡಿ ಹೊಡಿ, ಇಂದೀನೂ ಕರಕೊಂಡು ಬಾ," ಎಂದಿದ್ದ. ಅಪ್ಪ ಆ ಗಾಡಿಯನ್ನು ಬಂಗಲೆಯ ಗೇಟಿನಿಂದ ಆಚೆ ಹೊಡೆದದ್ದು ಕಡಿಮೆ. ಮುಂದಿನ ಒಂದು ತಿಂಗಳು ಅವನು ಕಚೇರಿಯ ಟ್ರೇಸಿಂಗ್ ಕಾಗದದ ಮೇಲೆ ಜೇಜುರಿಯ ರಸ್ತೆ ಬರೆದುಕೊಂಡು, ದಿವೆ ಘಾಟಿನ ತಿರುವುಗಳನ್ನು ಅವ್ವನಿಗೆ ತೋರಿಸಿದ. ನಾನು ವಾಡೆಯ ಪ್ರತಿ ಮನೆಗೂ ಹೋಗಿ ಸುದ್ದಿ ಹೇಳಿ ಬಂದೆ. ಕೆಲವರಿಗೆ ಎರಡು ಸಲ.

ಹೊರಡುವ ಹಿಂದಿನ ದಿನ ಸಂಜೆ ಬಂಗಲೆಗೆ ಹೋದೆವು. ವರಾಂಡದಲ್ಲಿ ಕಾಕೂನ ತಮ್ಮ ಬಾಪೂಮಾಮಾ ಕೂತಿದ್ದ. ಮುಂಬಯಿಯಿಂದ ಬಂದಿದ್ದ, ಹೊಸ ಲಾಯಸೆನ್ಸು, ಹೊಸ ಕೋಟು, ಕೋಟಿನ ಕಿಸೆಯಿಂದ ಹೊರಗೆ ನೋಡುವ ರೇಷ್ಮೆ ದಸ್ತಿ.

"ಗುಂಡೂರಾವ್," ಎಂದಳು ಕಾಕೂ. "ನಾಳೆ ಬಾಪೂನಽ ಗಾಡಿ ಹೊಡೀತಾನ. ಜಜ್ಜರ ಮನಿಯವ್ರೂ ಬರ್ತಾರ, ಜಾಗಾ ಸಾಲೂದಿಲ್ಲ. ನೀವು ಲಗೂನ ಬಂದು ಗಾಡಿ ತಯಾರ ಮಾಡಿ ಕೊಡ್ರಿ, ಅಷ್ಟಽ."

ಕಾಕಾ ವರ್ತಮಾನ ಪತ್ರಿಕೆಯನ್ನು ಮುಖದ ಮುಂದೆ ಎತ್ತಿಕೊಂಡ.

"ಆತ್ರಿ ವೈನಿ," ಎಂದ ಅಪ್ಪ.

"ಮತ್ತ ಈ ಮಸಿ ಅಂಗೀಲೆ ಮುಂಬಾಗಲಕ್ಕ ಬರಬ್ಯಾಡ್ರಿ. ಹಿತ್ತಲಕಡೆಯಿಂದ ಬರ್ರಿ. ದೊಡ್ಡ ಮಂದಿ ಬಂದಿರ್ತಾರ."

"ಗಾಡಿ ಹೊಡಿಯೂದು ಏನು ಬ್ರಹ್ಮವಿದ್ಯಾ ಅಲ್ಲ ಬಿಡ್ರಿ," ಎಂದು ಬಾಪೂಮಾಮಾ ದಸ್ತಿಯ ತುದಿಯನ್ನು ಇನ್ನಷ್ಟು ಹೊರಗೆ ಎಳೆದ.

ತಿರುಗಿ ಬರುವಾಗ ಅಪ್ಪ ಲಕಡೀಪೂಲಿನ ಹತ್ತಿರ ನನಗೆ ಬಿಸಿ ಶೇಂಗಾ ಕೊಡಿಸಿದ. "ಗಾಡಿ ಚಂದ ಹೋಗಿ ಚಂದ ಬಂದ್ರ ಸಾಕು, ಇಂದೀ. ಯಾರು ಹೊಡದ್ರೇನು?" ಎಂದ. ಅವನ ದನಿಯಲ್ಲಿ ಸಿಟ್ಟು ಹುಡುಕಿದೆ. ಒಂದು ಚೂರೂ ಇರಲಿಲ್ಲ. ಮನೆಯಲ್ಲಿ ಯಾರಾದರೂ ಒಬ್ಬರು ಸಿಟ್ಟಾಗಲೇಬೇಕಲ್ಲ! ಅಪ್ಪನ ಪಾಲಿನದನ್ನೂ ಅವ್ವನ ಪಾಲಿನದನ್ನೂ ನಾನೇ ಹೊತ್ತುಕೊಂಡೆ. ಶೇಂಗಾದ ಸಿಪ್ಪೆಯನ್ನು ಒಂದೊಂದಾಗಿ, ಕಾಕೂನ ಕತ್ತು ಮುರಿದ ಹಾಗೆ, ಮುರಿದು ಹೊಳೆಗೆ ಒಗೆದೆ.

ಮರುದಿನ ಮಾರ್ಗಶಿರದ ಚಳಿ. ಗಾಡಿಯ ಮೈಮೇಲೆಲ್ಲ ಇಬ್ಬನಿ. ಅಪ್ಪ ಹಿತ್ತಲ ಬಾಗಿಲಿನಿಂದಲೇ ಬಂದು, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗೆ ಹೊರಗೆ ಒರೆಸಿ, ಪಾಯಿಂಟು ತಿಕ್ಕಿ, ಅಜ್ಜಿಯ ಕಾರ್ಡಿನಿಂದ ಅಳೆದು, ಕ್ಲಿಪ್ಪು ಹಾಕಿದ. ಹ್ಯಾಂಡಲ್ಲು ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಗಾಡಿ ಎದ್ದಿತು. ಸ್ವಲ್ಪ ಹೊತ್ತು ಅದರ ಸದ್ದು ಕೇಳಿ, ನಿಲ್ಲಿಸಿ, ಕೈ ತೊಳೆಯಲು ಬಾವಿಯ ಕಡೆ ಹೋದ.

ಬಾನೆಟ್ಟು ಇನ್ನೂ ತೆರೆದೇ ಇತ್ತು. ಆಗ ಕಾಕೂ ಪೂಜೆಯ ತಾಟು ಹಿಡಿದುಕೊಂಡು ಬಂದಳು. ಅರಿಷಿಣ, ಅಕ್ಷತೆ, ಬಟ್ಟಲಿನಲ್ಲಿ ನೀರು ಹಾಕಿ ಕಲಸಿದ ಕುಂಕುಮ. ಬಾಪೂಮಾಮಾನಿಂದ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಡಿಸಿ, ದೀಪಗಳಿಗೆ ಕುಂಕುಮ ಹಚ್ಚಿ, ಎಂಜಿನ್ನಿನ ಹತ್ತಿರ ಬಂದು ನಿಂತಳು. ಆ ಲೋಹದ ಅಡವಿಯಲ್ಲಿ ಎಲ್ಲಿ ಹಚ್ಚಬೇಕೋ ತಿಳಿಯದೆ ನನ್ನ ಕಡೆ ತಿರುಗಿದಳು.

"ಇಂದೀ, ಇದರೊಳಗ ಮುಖ್ಯದ್ದು ಯಾವುದಽ? ನಿಮ್ಮಪ್ಪ ಯಾವುದಕ್ಕ ಭಾಳ ಕಾಳಜಿ ಮಾಡ್ತಾನ?"

ದೇವರಾಣೆ, ನಾನು ಒಂದು ಸುಳ್ಳೂ ಹೇಳಲಿಲ್ಲ. "ಇದಕ್ಕ ಕಾಕೂ," ಎಂದು ಡಿಸ್ಟ್ರಿಬ್ಯೂಟರಿನ ಎರಡೂ ಕ್ಲಿಪ್ಪು ಬಿಚ್ಚಿ ಮುಚ್ಚಳ ಎತ್ತಿ ತೋರಿಸಿದೆ. "ಗಾಡೀ ಜೀವಾ ಇದರೊಳಗ ಅದ ಅಂತ ಅಪ್ಪ ಹೇಳ್ತಿರ್ತಾನ."

"ಅಯ್ಯ ನನ ಕಂದಾ, ಭರಣೀ ಹಂಗಽ ಅದಲ್ಲ!"

"ಹೌದ್ರಿ ಕಾಕೂ. ಅವ್ವನೂ ಹಂಗಽ ಅಂದ್ಲು."

ಕಾಕೂ ಕಣ್ಣು ಮುಚ್ಚಿ ಏನೋ ಅಂದುಕೊಂಡು, ಉಂಗುರದ ಬೆರಳನ್ನು ಬಟ್ಟಲಿನಲ್ಲಿ ಅದ್ದಿ, ಮುಚ್ಚಳದೊಳಗಿನ ಮೊಳೆಗಳಿಗೆ ಕುಂಕುಮ ಇಟ್ಟಳು. ಒಂದು, ಎರಡು, ನಾಲ್ಕು, ಮೂರು. ಸರದಿಯನ್ನೂ ನಾನೇ ಬೆರಳು ಮಾಡಿ ತೋರಿಸಿದೆ. ಮೊಳೆಗಳ ನಡುವೆ ಕೆಂಪು ನೀರು ಇಳಿಯಿತು. ಭಕ್ತಿ ಹೆಚ್ಚಾಗಿ ಒಂದು ಚಿಟಿಕೆ ಅರಿಷಿಣವನ್ನೂ ಉದುರಿಸಿದಳು. ಅಕ್ಷತೆಗೆ ಕೈ ಹಾಕಿದಾಗ ಮಾತ್ರ ನಾನು "ಸಾಕ್ರಿ ಕಾಕೂ" ಎಂದು ಮುಚ್ಚಳ ಕೂಡಿಸಿ ಕ್ಲಿಪ್ಪು ಹಾಕಿದೆ. ಅಕ್ಕಿಯ ಕಾಳು ಪಾಯಿಂಟಿನಲ್ಲಿ ಸಿಕ್ಕರೆ ಗಾಡಿ ಗೇಟಿನಲ್ಲೇ ನಿಲ್ಲುತ್ತದೆ. ಗೇಟಿನಲ್ಲಿ ನಿಂತರೆ ಏನು ಚಂದ? ಏರಿನಲ್ಲಿ, ದೊಡ್ಡ ಮಂದಿಯ ಎದುರು ನಿಲ್ಲಬೇಕು.

ಆ ಹೊತ್ತಿಗೆ ಆಳೊಬ್ಬ ಚೀಟಿ ತಂದ. ಜಜ್ಜರ ಹೆಂಡತಿಗೆ ನೆಗಡಿ, ಬರುವುದಿಲ್ಲ. ಕಾಕೂ ಚೀಟಿ ಮಡಿಸಿ ನನ್ನ ಗಲ್ಲ ಹಿಡಿದಳು. "ಎಷ್ಟು ಶಾಣ್ಯಾ ಹುಡುಗಿ ನೋಡು! ನೀನಽ ಬಾ, ಇಂದೀ. ನೈವೇದ್ಯದ ಬುಟ್ಟಿ ಹಿಡಕೊಂಡು ನನ್ನ ಬಾಜೂ ಕೂಡು."

ನಾನು ಶಾಪ ಹಾಕಿದ ಗಾಡಿಯಲ್ಲಿ ನಾನೇ ಕೂಡಬೇಕು!

"ನಾ ಒಲ್ಲೆ," ಎಂದೆ.

"ಹೋಗವಾ, ಹೋಗು," ಎಂದ ಅಪ್ಪ, ಹಿಂದಿನಿಂದ ಬಂದು. ಅವನಿಗೆ ಎಷ್ಟು ಸಂತೋಷವಾಗಿತ್ತೆಂದರೆ ಒದ್ದೆ ಕೈಯಲ್ಲೇ ನನ್ನನ್ನು ಎತ್ತಿ ಸೀಟಿನ ಮೇಲೆ ಕೂಡಿಸಿ, ಬಾನೆಟ್ಟು ಮುಚ್ಚಿದ. ಖಾಲಿಯಾದ ಜಾಗಕ್ಕೆ ಅವನನ್ನು ಕರೆಯಬಹುದೆಂದು ಯಾರಿಗೂ ಹೊಳೆಯಲಿಲ್ಲ. ಬಾಪೂಮಾಮಾ ಹ್ಯಾಂಡಲ್ಲು ಮೂರು ಸಲ ತಿರುಗಿಸಿದ ಮೇಲೆ ಗಾಡಿ ಎದ್ದಿತು. ಅಪ್ಪನ ತಲೆ ತಟ್ಟನೆ ಒಂದು ಮಗ್ಗುಲಿಗೆ ಓರೆಯಾಯಿತು. "ತಡೀರಿ, ತಡೀರಿ, ಏನೋ..." ಎಂದು ಕೈ ಎತ್ತಿದ. "ಚಳಿಗೆ ಹಂಗಽ," ಎಂದು ಬಾಪೂಮಾಮಾ ಗಾಡಿ ಬಿಟ್ಟೇಬಿಟ್ಟ. ನಾನು ತಿರುಗಿ ನೋಡಿದೆ. ಗೇಟಿನ ಹತ್ತಿರ ಅಪ್ಪ, ಎತ್ತಿದ ಕೈ ಇಳಿಸದೆ, ಓರೆ ತಲೆಯಲ್ಲಿ ನಿಂತೇ ಇದ್ದ.

ಹಡಪಸರದವರೆಗೂ ಗಾಡಿ ಓಡಿತು. ರಸ್ತೆಯ ಎರಡೂ ಕಡೆ ಬೆಲ್ಲ ಕಾಯಿಸುವ ವಾಸನೆ. ನನ್ನ ತೊಡೆಯ ಮೇಲೆ ಖಂಡೋಬಾನ ನೈವೇದ್ಯದ ಸಜ್ಜೆ ರೊಟ್ಟಿ ಮತ್ತು ಸುಟ್ಟ ಬದನೆಕಾಯಿಯ ಭರ್ತದ ವಾಸನೆ. ಕಾಕೂ ದಾರಿಯುದ್ದಕ್ಕೂ ನನ್ನ ಕೈಗೆ ಒಣ ಖರ್ಜೂರ ತುರುಕಿದಳು. ಇದು ಅನ್ಯಾಯ. ಶತ್ರುವಾದವರು ಶತ್ರುವಿನ ಹಾಗೆ ಇರಬೇಕು. ನಾನು ಖರ್ಜೂರ ಅಗಿಯುತ್ತ ಲೆಕ್ಕ ಹಾಕುತ್ತಿದ್ದೆ: ಏರಿನಲ್ಲಿ ನಿಂತರೆ ಹಿಂದಕ್ಕೆ ಜಾರುತ್ತದೆ, ಜಾರಿದರೆ ಕಣಿವೆ, ಕಣಿವೆಗೆ ಬಿದ್ದರೆ ಕಾಕೂ ಸಾಯುತ್ತಾಳೆ, ಆದರೆ ನಾನೂ ಸಾಯುತ್ತೇನೆ, ನಾನು ಸತ್ತರೆ ಕಾಕೂ ಸತ್ತದ್ದನ್ನು ನೋಡುವವರು ಯಾರು? ನನ್ನ ಜೀವನದ ಮೊದಲ ಚಿಂತೆ ಅದೇ ಇರಬೇಕು. ಅಲ್ಲಿಂದ ಇಲ್ಲಿಯವರೆಗೆ ಅಂಗಡಿ ಮುಚ್ಚಿಲ್ಲ.

ದಿವೆ ಘಾಟಿನ ಎರಡನೆಯ ತಿರುವಿನಲ್ಲಿ ಗಾಡಿ ಕೆಮ್ಮಿತು. ಮೂರನೆಯದರಲ್ಲಿ ಫಟ್ ಫಟ್ ಎಂದು ಹಿಂದಿನಿಂದ ಸಿಡಿಯಿತು. ಆಮೇಲೆ ಸುಮ್ಮನಾಗಿ, ಒಂದು ಕ್ಷಣ ಯೋಚಿಸಿ, ಹಿಂದಕ್ಕೆ ಜಾರತೊಡಗಿತು.

"ಕಲ್ಲು! ಕಲ್ಲು!" ಎಂದು ಕಾಕಾ ಚೀರಿದ. ಬಾಪೂಮಾಮಾ ಬ್ರೇಕಿನ ಮೇಲೆ ನಿಂತೇಬಿಟ್ಟ. ಹಿಂದೆ ಬರುತ್ತಿದ್ದ ಗಾಡಿಕಾರನೊಬ್ಬ ಎತ್ತಿನ ಗಾಡಿಯಿಂದ ಹಾರಿ ಗಾಲಿಗಳ ಹಿಂದೆ ಎರಡು ಕಲ್ಲು ಕೊಟ್ಟ. ಕೊಟ್ಟು, "ಕಾಯ್ ಸಾಹೇಬ, ಘೋಡಾ ಅಡಲಾ ಕಾ?" ಎಂದು, ಕುದುರೆ ಹಟ ಹಿಡಿಯಿತೇ ಎಂದು ನಗಾಡಿದ. ಎಲ್ಲರೂ ಇಳಿದೆವು. ಜೇಜುರಿಗೆ ನಡೆದು ಹೋಗುವ ಮಂದಿ ನಮ್ಮ ಸುತ್ತ ನಿಂತರು. ಬಾಪೂಮಾಮಾ ಬಾನೆಟ್ಟು ಎತ್ತಿದ, ಪೆಟ್ರೋಲು ನೋಡಿದ, ನೀರು ನೋಡಿದ, ಬಿಸಿ ಕೊಳವೆ ಮುಟ್ಟಿ ಕೈ ಸುಟ್ಟುಕೊಂಡ. ಹೊಸ ಕೋಟಿನ ತೋಳಿಗೆ ಮಸಿ ಬಳಿದಿತ್ತು. ನಾನು ಬುಟ್ಟಿ ಅವಚಿಕೊಂಡು ನೋಡುತ್ತಿದ್ದೆ. ನನ್ನ ಆಯುಷ್ಯದ ಅತಿ ಸುಖದ ಹತ್ತು ನಿಮಿಷ ಅವು.

ಹನ್ನೊಂದನೆಯ ನಿಮಿಷದಲ್ಲಿ ಬಾಪೂಮಾಮಾ, "ಇದು ಆ ನಕಾಶೆ ಬರಿಯಾಂವಂದಽ ಕೆಲಸಾ. ಬೆಳಿಗ್ಗೆ ಏನೋ ಬಿಚ್ಚಿ ಕೆಡಿಸಿ ಇಟ್ಟಾನ," ಎಂದ.

"ಬರ್ಲಿಲ್ಲ ಅಂತ ಹೊಟ್ಟಿಕಿಚ್ಚು ಇರಬೇಕು," ಎಂದಳು ಕಾಕೂ.

ಕಾಕಾನ ಮುಖ ಕೆಂಪಾಗಿತ್ತು. ಅಷ್ಟು ಜನರ ನಡುವೆ ನಿಂತು ಹೇಳಿದ: "ಮುಗೀತು. ಇನ್ನ ಮ್ಯಾಲೆ ಗುಂಡೂ ಈ ಗಾಡಿಗೆ ಕೈ ಹಚ್ಚೂದು ಬ್ಯಾಡ. ರವಿವಾರ ಅವ ಗೇಟಿನ್ಯಾಗ ಕಾಲಿಡೂದು ಬ್ಯಾಡ."

ನನ್ನ ಲೆಕ್ಕದಲ್ಲಿ ಕಣಿವೆ ಇತ್ತು, ಸಾವಿತ್ತು. ಇದೊಂದು ಮಾತ್ರ ಇರಲಿಲ್ಲ. ಅಪ್ಪನ ರವಿವಾರ! ಅವನಿಗೆ ಇದ್ದದ್ದೇ ಅದೊಂದು. ಕಂಬಳಿಯ ಒಳಗಿನ ಕತ್ತಲೆ, ಓರೆ ತಲೆ, ಮಸಿಯಾದ ಉಗುರು, ಎಲ್ಲ ಕಣ್ಣ ಮುಂದೆ ಬಂದವು. ಬುಟ್ಟಿಯನ್ನು ರಸ್ತೆಯ ಮೇಲೆ ಇಟ್ಟು ಮಡ್‌ಗಾರ್ಡಿನ ಮೇಲೆ ಹತ್ತಿ ನಿಂತೆ.

"ಒಣಾ ಅರಿವಿ ಬೇಕು," ಎಂದೆ.

"ಇಳೀ ಹುಡುಗೀ, ಬೀಳ್ತಿ!" ಎಂದಳು ಕಾಕೂ.

"ಅಪ್ಪ ಕಲಿಸ್ಯಾನ. ಏರಿನ್ಯಾಗ ನಿಂತ್ರ ಇದಽ ನೋಡಬೇಕು. ಬಾಪೂಮಾಮಾ, ನಿಮ್ಮ ದಸ್ತಿ ಕೊಡ್ರಿ. ರೇಷ್ಮಿದಽ ಆಗಬೇಕು."

ರೇಷ್ಮೆಯೇ ಆಗಬೇಕೆಂದು ಅಪ್ಪ ಎಂದೂ ಹೇಳಿರಲಿಲ್ಲ. ಅದು ನನ್ನ ಸ್ವಂತ ಸೇರ್ಪಡೆ.

ಕ್ಲಿಪ್ಪು ಬಿಚ್ಚಿ ಮುಚ್ಚಳ ಎತ್ತಿದೆ. ಕುಂಕುಮ ಬೆಂದು ಕಂದಾಗಿ, ಮೊಳೆಗಳ ನಡುವೆ ಕೆಸರಿನ ಹಾಗೆ ಹಿಡಿದಿತ್ತು. ಸುಟ್ಟ ಅರಿಷಿಣದ ವಾಸನೆ ಬಂತು. ಎಲ್ಲರೂ ಬಗ್ಗಿ ನೋಡಿದರು.

"ಇದೇನಿದು? ಕುಂಕುಮಾ?" ಎಂದ ಕಾಕಾ.

"ನಾನಽ ಪೂಜಾ ಮಾಡೀನಿ," ಎಂದಳು ಕಾಕೂ, ತಲೆ ಎತ್ತಿ. "ಗಾಡೀ ಜೀವಕ್ಕ ಹಚ್ಚೀನಿ. ಏನು ತಪ್ಪದ?"

ಕೋರ್ಟಿನಲ್ಲಿ ಎಂಥವರ ಬಾಯಿಯನ್ನೂ ಮುಚ್ಚಿಸುತ್ತಿದ್ದ ಕಾಕಾ, ದೇವರ ವಿಷಯದಲ್ಲಿ ಹೆಂಡತಿಗೆ ಎದುರು ಮಾತಾಡುವವನಲ್ಲ. ಕಣಿವೆಯ ಕಡೆ ಮುಖ ಮಾಡಿ ನಿಂತ. ಮುಚ್ಚಳ ತೆರೆದು ಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ.

ರೇಷ್ಮೆ ದಸ್ತಿಯ ತುದಿಗೆ ಪೆಟ್ರೋಲು ತಾಗಿಸಿ ತಿಕ್ಕಿದೆ, ಒಣ ತುದಿಯಿಂದ ಒರೆಸಿದೆ, ಗಾಳಿಗೆ ಹಿಡಿದೆ, ಊದಿದೆ. ರೋಟರು ತೆಗೆದು ಒರೆಸಿ ಕೂಡಿಸಿದೆ. ಮೂರನೆಯ ಮತ್ತು ನಾಲ್ಕನೆಯ ಮೊಳೆಯ ನಡುವೆ ಕೂದಲೆಳೆಯಷ್ಟು ಸಣ್ಣ ಕರೀ ಗೆರೆಯೊಂದು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಕಲೆ ಇರಬೇಕು ಎಂದುಕೊಂಡು ಮುಚ್ಚಳ ಹಾಕಿದೆ.

"ಬಾಪೂಮಾಮಾ, ಹ್ಯಾಂಡಲ್ ತಿರುವ್ರಿ," ಎಂದೆ. ಅಂಥ ದನಿ ನನಗೆ ಮತ್ತೆ ಯಾವತ್ತೂ ಬರಲಿಲ್ಲ.

ಗಾಡಿ ಎದ್ದಿತು. ಸುತ್ತಲಿನ ಮಂದಿ "ಏಳುಕೋಟಿ, ಏಳುಕೋಟಿ!" ಎಂದು ಖಂಡೋಬಾನ ಜೈಕಾರ ಕೂಗಿದರು. ಕಾಕಾ ನನ್ನನ್ನು ಮಡ್‌ಗಾರ್ಡಿನಿಂದ ಎತ್ತಿ ಇಳಿಸಿ, "ಗುಂಡೂನ ಮಗಳು ಇಷ್ಟು ಮಾಡ್ತಾಳ ಅಂದ್ರ ಗುಂಡೂನ ಮಾತೇನು! ಇನ್ನ ಮ್ಯಾಲೆ ಅವನ್ನ ಬಿಟ್ಟು ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ," ಎಂದ. ಬಾಪೂಮಾಮಾ ತನ್ನ ದಸ್ತಿಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡುತ್ತಿದ್ದ. ಜೇಜುರಿಯ ಮೆಟ್ಟಿಲಿನ ಮೇಲೆ ಭಂಡಾರದ ಅರಿಷಿಣ ಹಾರಿ ಎಲ್ಲರೂ ಹಳದಿಯಾದೆವು. ಗೆದ್ದೆ ಎಂದುಕೊಂಡೆ. ಒಂದು ವಾರ ಪೂರ್ತಿ ಗೆದ್ದಿದ್ದೆ.

ಮುಂದಿನ ರವಿವಾರ ಗಾಡಿ ಯಾಕೋ ಕುಂಟುತ್ತಿತ್ತು. ಅಪ್ಪ ಕಂಬಳಿ ಹೊದ್ದ, ನಾನು ಅಂಚು ಹಿಡಿದೆ. ಆ ಕತ್ತಲೆಯಲ್ಲಿ ಮುಚ್ಚಳದೊಳಗಿಂದ ಚಿಟ್ ಚಿಟ್ ಎನ್ನುವ ಸಣ್ಣ ಸದ್ದು ಕೇಳಿತು. ಅಂಚಿನಲ್ಲಿ ನೀಲಿ ಬೆಳಕು ಮಿಣುಕಿತು. ಅಪ್ಪ ಎಂಜಿನ್ನು ನಿಲ್ಲಿಸಿ, ಮುಚ್ಚಳ ಬಿಚ್ಚಿ, ಆ ಕೂದಲೆಳೆಯ ಗೆರೆಯ ಮೇಲೆ ಉಗುರು ಆಡಿಸಿದ. ಕಂಬಳಿ ಸರಿಸಲಿಲ್ಲ.

"ಕಾಕೂಗೆ ಈ ಕ್ಲಿಪ್ಪು ಬಿಚ್ಚಲಿಕ್ಕೆ ಬರೂದಿಲ್ಲ, ಇಂದೀ," ಎಂದ.

ನಾನು ಅಂಚನ್ನು ಇನ್ನೂ ಗಟ್ಟಿಯಾಗಿ ಹಿಡಿದೆ.

"ಕುಂಕುಮ ಒರಿಸಬಹುದು. ಇದು ಒಳಗ ಸುಟ್ಟದ. ಕಿಡಿ ಒಮ್ಮೆ ಇಲ್ಲೆ ದಾರಿ ಮಾಡ್ಕೊಂಡ್ರ ಇನ್ನ ಇದಽ ದಾರೀಲೆ ಹೋಗ್ತದ." ಮುಚ್ಚಳವನ್ನು ಅಂಗಿಯ ತುದಿಯಿಂದ ಒರೆಸಿ, "ಗಾಡಿ ನಿನಗೇನು ಮಾಡಿತ್ತವಾ?" ಎಂದ.

ಬೈಯಲಿಲ್ಲ. ಆ ಮೇಲೂ ಬೈಯಲಿಲ್ಲ, ಯಾರಿಗೂ ಹೇಳಲಿಲ್ಲ. ಲಡಾಯಿಯ ಕಾಲ; ಅಂಥ ಮುಚ್ಚಳ ಪುಣೆಯಲ್ಲೂ ಇಲ್ಲ, ಮುಂಬಯಿಯಲ್ಲೂ ಇಲ್ಲ. ಸೂಜಿಯಿಂದ ಗೆರೆಯನ್ನು ಕೆರೆದು, ಅರಗು ಕರಗಿಸಿ ತುಂಬಿದ. ಎರಡು ವಾರ ನಡೆಯಿತು. ಮತ್ತೆ ಕೆರೆದ, ಮತ್ತೆ ತುಂಬಿದ. ಸಪಾಟಿನಲ್ಲಿ ಓಡುತ್ತಿತ್ತು, ಏರಿನಲ್ಲಿ ದಮ್ಮು ಕಟ್ಟುತ್ತಿತ್ತು. ಕಾಕಾ ಗಾಡಿಯಲ್ಲಿ ಹೋಗಿ ಟಾಂಗಾದಲ್ಲಿ ತಿರುಗಿ ಬರುವುದು ಹೆಚ್ಚಾಯಿತು. ಆ ಮಳೆಗಾಲದಲ್ಲಿ ಬೇಸತ್ತು ಅದನ್ನು ಚಾಕಣದ ಉಳ್ಳಾಗಡ್ಡಿ ವ್ಯಾಪಾರಿಗೆ ಕೊಟ್ಟುಬಿಟ್ಟ. ಅವನು ಎಂಜಿನ್ನು ತೆಗೆದುಹಾಕಿ, ಎತ್ತು ಹೂಡಿ, ಉಳ್ಳಾಗಡ್ಡಿ ಹೇರಿದನಂತೆ. ರಿಪೇರಿಗೆಂದು ಬಿಚ್ಚಿ ತಂದಿದ್ದ ಮುಚ್ಚಳ ಅಪ್ಪನ ಕೈಯಲ್ಲೇ ಉಳಿಯಿತು.

ಅಲ್ಲಿಂದ ಮುಂದೆ ರವಿವಾರಗಳಲ್ಲಿ ಅಪ್ಪ ವಾಡೆಯ ಮೆಟ್ಟಿಲ ಮೇಲೆ ಕೂತು ಪೇಪರು ಓದುತ್ತಿದ್ದ. ಜಾಹೀರಾತನ್ನೂ ಬಿಡದೆ ಓದುತ್ತಿದ್ದ. ಒಂದು ತಿಂಗಳಲ್ಲಿ ಅವನ ಉಗುರುಗಳು ಪೂರಾ ಸ್ವಚ್ಛವಾದವು. ರಸ್ತೆಯಲ್ಲಿ ಮೋಟಾರು ಕೆಮ್ಮಿದರೆ ತಲೆ ಓರೆಯಾಗುತ್ತಿತ್ತು, ಆದರೆ ಎದ್ದು ಹೋಗುತ್ತಿರಲಿಲ್ಲ.

ಇನ್ನು ಕಾಕೂ? ಅವಳಿಗೆ ಒಂದು ತರಚು ಗಾಯವೂ ಆಗಲಿಲ್ಲ. ಖಂಡೋಬಾ ಘಾಟಿನಲ್ಲಿ ಗಾಡಿ ತಡೆದು ನನ್ನ ಕೈಯಿಂದ ಬಿಡಿಸಿದ ಎಂದು ಊರಿಗೆಲ್ಲ ಹೇಳಿದಳು. ನನಗೆ ರೇಷ್ಮೆಯ ಖಣ ಕೊಟ್ಟಳು. ಸಾಯುವ ತನಕ ನನ್ನನ್ನು ಹೊಗಳಿದಳು. ನನ್ನ ಮದುವೆಯಾದ ಎಷ್ಟೋ ವರ್ಷದ ಮೇಲೆ, ಇನ್ನು ತಡೆಯಲಾರದೆ, ಒಂದು ಮಧ್ಯಾಹ್ನ ಅವಳ ಮನೆಗೇ ಹೋಗಿ ಎಲ್ಲ ಹೇಳಿಬಿಟ್ಟೆ. ಬೇಕಂತಲೇ ಮಾಡಿದೆ ಕಾಕೂ, ನೀವು ಅಪ್ಪನನ್ನು ಹಿತ್ತಲ ಕಟ್ಟೆಯ ಮೇಲೆ ಕೂಡಿಸಿದ್ದಕ್ಕೆ ಮಾಡಿದೆ ಎಂದೆ. ಅವಳು ಬೊಚ್ಚು ಬಾಯಿ ತೆರೆದು ನಕ್ಕಳು. "ಹುಚ್ಚಿ! ಮನಸಿನ್ಯಾಗ ಕೆಟ್ಟದ್ದು ಇದ್ದಿದ್ರ ಗಾಡಿ ಜೇಜುರಿ ಮುಟ್ಟತಿತ್ತೇನು? ಕೂಡು, ಉಪ್ಪಿಟ್ಟು ಮಾಡಸ್ತೀನಿ." ಬಿಸಿ ಉಪ್ಪಿಟ್ಟು ಬಂತು, ಸ್ಟೀಲ್ ತಾಟಿನಲ್ಲಿ, ಒಳಗಿನ ಮೇಜಿನ ಮೇಲೆ. ತಿಂದೆ. ಚೆನ್ನಾಗಿತ್ತು. ಅದಕ್ಕೂ ಸೇರಿಸಿ ಸಿಟ್ಟು ಬಂತು.

ಅವರು ಯಾರೂ ಈಗ ಇಲ್ಲ. ಆ ಗೇಟೂ ಇಲ್ಲ, ಅದು ಇದ್ದ ಜಾಗದಲ್ಲಿ ಔಷಧದ ಅಂಗಡಿ ಇದೆ. ಈಗ ಗಾಡಿ ನಿಂತರೆ ಯಾರೂ ಸೇರುವುದಿಲ್ಲ. ಹಿಂದಿನವರು ಹಾರ್ನು ಒತ್ತಿ ಸುತ್ತು ಹಾಕಿ ಹೋಗುತ್ತಾರೆ. ಮಳೆಗಾಲದಲ್ಲಿ ನಮ್ಮ ಮನೆಯ ಮುಂದಿನ ಏರಿನಲ್ಲಿ ಯಾವುದಾದರೂ ಗಾಡಿ ದಮ್ಮು ಕಟ್ಟಿದರೆ ನಾನು ಕಿಟಕಿ ತೆರೆದು "ಮುಚ್ಚಳ ಒರಿಸ್ರಿ!" ಎಂದು ಕೂಗುತ್ತೇನೆ, ಮಕ್ಕಳು ನಾಚಿಕೊಂಡು ಒಳಗೆ ಎಳೆದುಕೊಳ್ಳುತ್ತಾರೆ. ಕಾಕೂನನ್ನು ಇನ್ನಾದರೂ ಕ್ಷಮಿಸು ಎನ್ನುತ್ತಾರೆ ಗಂಡ. ಹೇಗೆ ಕ್ಷಮಿಸಲಿ? ಈ ಸಿಟ್ಟಿಗೆ ನಾನು ಕೊಟ್ಟದ್ದು ಅಪ್ಪನ ರವಿವಾರಗಳನ್ನು, ಅವನು ಬದುಕಿದ್ದಷ್ಟು ವರ್ಷದ ಎಲ್ಲ ರವಿವಾರಗಳನ್ನು. ಇದನ್ನೂ ಬಿಟ್ಟುಬಿಟ್ಟರೆ ಅವು ಸುಮ್ಮನೆ ಹೋದಂತೆ ಆಗುತ್ತದಲ್ಲ.

ಮುಚ್ಚಳ ನನ್ನ ಹತ್ತಿರ ಇದೆ. ಟ್ರಂಕಿನಲ್ಲಿ, ಆ ಕರೀ ಕಂಬಳಿಯ ಮಡಿಕೆಯೊಳಗೆ. ಒಮ್ಮೊಮ್ಮೆ, ಮನೆಯಲ್ಲಿ ಯಾರೂ ಇಲ್ಲದಾಗ, ಕಂಬಳಿ ತಲೆಯ ಮೇಲೆ ಎಳೆದುಕೊಂಡು ಕೂಡುತ್ತೇನೆ. ನುಸಿಗುಳಿಗೆಯ ವಾಸನೆ, ಅದರ ಕೆಳಗೆ ಎಲ್ಲೋ ಒಂದಿಷ್ಟು ಪೆಟ್ರೋಲು. ಕತ್ತಲೆಯಲ್ಲಿ ಏನೂ ಕಾಣುವುದಿಲ್ಲ. ಉಗುರು ಆಡಿಸಿದರೆ ಮಾತ್ರ ಮೂರು ಮತ್ತು ನಾಲ್ಕರ ನಡುವೆ ಆ ಗೆರೆ ಸಿಗುತ್ತದೆ.